ಒಂದು ಎಳೆ ತಂತಿ

ಜನವರಿ 12, ಭಾನುವಾರ. ಸಂಜೆ

ಬೆಳಿಗ್ಗೆ ಎರಡು ಮೋಟಾರ್ ಬಿಚ್ಚಿದೆ. ಎರಡೂ ಸುಟ್ಟಿದ್ದು ಒಂದೇ ಕಾರಣಕ್ಕೆ — ಸ್ಟಾರ್ಟರ್ ಟ್ರಿಪ್ ಆಗಿ ಕರೆಂಟು ಕಡಿಯುತ್ತದೆ, ರೈತ ಹಸಿರು ಗುಂಡಿ ಒತ್ತುತ್ತಾನೆ, ಮತ್ತೆ ಟ್ರಿಪ್, ಮತ್ತೆ ಒತ್ತುತ್ತಾನೆ, ಕೊನೆಗೆ ಗುಂಡಿಗೆ ಕಡ್ಡಿ ಸಿಕ್ಕಿಸಿ ಊಟಕ್ಕೆ ಹೋಗುತ್ತಾನೆ. ಹಿರೇಕೆರೂರಿನಲ್ಲಿ ಇಪ್ಪತ್ತೆಂಟು ವರ್ಷ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ನನ್ನ ರಿವೈಂಡಿಂಗ್ ಅಂಗಡಿ ನಡೆದದ್ದು ಆ ಕಡ್ಡಿಯ ಪುಣ್ಯದಿಂದ.

ಮಧ್ಯಾಹ್ನ ಹಂಸಭಾವಿಗೆ. ವಾಣಿಶ್ರೀ ಅಕ್ಕನ ಗೋದಾಮು. ಮೆಕ್ಕೆಜೋಳ ಇರಬೇಕಾದ ಕಡೆ ವಿಮಾನ. ಎರಡು ಸೀಟಿನದು. ಕಿಟ್ ತರಿಸಿ ನಾಲ್ಕು ವರ್ಷದಿಂದ ತಾನೇ ಜೋಡಿಸುತ್ತಿದ್ದಾಳೆ. ಫಿಸಿಕ್ಸ್ ಲೆಕ್ಚರರ್ ಆಗಿ ನಿವೃತ್ತಳಾದವಳು, ವಯಸ್ಸು ಅರವತ್ತೊಂದು. ಊರಿನವರು ನಗುವುದನ್ನು ಬಿಟ್ಟು ಎರಡು ವರ್ಷವಾಯಿತು. ವೈರಿಂಗ್ ನನ್ನ ಪಾಲಿಗೆ.

ಪ್ರಶ್ನೆ: ಫ್ಯೂಸೋ, ಬ್ರೇಕರೋ? ಅವಳಿಗೆ ಬ್ರೇಕರ್ ಬೇಕು. ಕಣ್ಣೆದುರಿಗೆ, ಸಾಲಾಗಿ. ಟ್ರಿಪ್ ಆದರೆ ಒತ್ತಿದರೆ ಸಾಕು, ಮತ್ತೆ ಕರೆಂಟು.

"ಅದ ಬ್ಯಾಡ ಅಂತೇನಿ," ಎಂದೆ. "ಮ್ಯಾಲ ಇದ್ದಾಗ ಟ್ರಿಪ್ ಆತಂದ್ರ ನೀ ಒತ್ತತಿ."

"ನಾ ಯಾಕ ಒತ್ತಲೋ? ನಾ ಓದಿಲ್ಲೇನು?"

"ಓದಿದವ್ರೂ ಒತ್ತತಾರ, ಅಕ್ಕಾ."

ಸಿಟ್ಟಿಗೆದ್ದಳು. ಚಹಾ ಕೊಡಲಿಲ್ಲ.

ಜನವರಿ 19, ಭಾನುವಾರ

ಶಿಗ್ಗಾಂವಕ್ಕೆ ಹೋಗಿಬಂದೆ. ಹೈವೇ ಪಕ್ಕ ಹಯಾತನ ಸ್ಪೇರ್‌ಪಾರ್ಟ್ಸ್ ಅಂಗಡಿ. ಕಾರಿಗೆ ಹಾಕುವ ಎರಡು ಕಾಲಿನ ಫ್ಯೂಸ್ ಕೇಳಿದೆ. ಯಾವ ಗಾಡಿಗೆ ಎಂದ. ವಿಮಾನಕ್ಕೆ ಎಂದೆ.

"ಟ್ರ್ಯಾಕ್ಟರ್‌ಗೆ ಅನ್ರಿ, ರುದ್ರಣ್ಣಾರ. ವಿಮಾನ ಅಂದ್ರ ನಂಗ ನಿದ್ದಿ ಬರೂದಿಲ್ಲ."

ಹತ್ತು ಆಂಪಿಯರಿನವು ಬೇಕಾದಷ್ಟು. ಪಂಪಿಗೆ ಬೇಕಾದ ಐದರವು ಮೂರೇ ಇದ್ದವು, ತಂದೆ.

ಅಕ್ಕನಿಗೆ ಬಿಡಿಸಿ ಹೇಳಿದೆ. ಫ್ಯೂಸ್ ಕಾಯುವುದು ತಂತಿಯನ್ನು. ತಂತಿ ಕಾದು ಹೊತ್ತಿಕೊಳ್ಳುವ ಮೊದಲು ಫ್ಯೂಸ್ ಹೋಗಬೇಕು. ಪೆಟ್ರೋಲ್ ಪಂಪಿನ ತಂತಿ ಟ್ಯಾಂಕಿನ ಕೆಳಗೇ ಹಾದು ಹೋಗುತ್ತದೆ. ಅಲ್ಲಿ ಹೊತ್ತಿದರೆ ಗಾಡಿ ಬದಿಗೆ ನಿಲ್ಲಿಸಿ ಇಳಿಯುವಂತಿಲ್ಲ. ಆದ್ದರಿಂದ ಫ್ಯೂಸ್, ಡಬ್ಬಿ ಸೀಟಿನ ಹಿಂದೆ, ಕೈಗೆ ಎಟುಕದ ಕಡೆ. ಪಂಪ್ ಹೇಗೂ ಎರಡಿವೆ. ಒಂದರ ಫ್ಯೂಸ್ ಹೋದರೆ ಇನ್ನೊಂದು ಪಂಪಿನ ಬಲದಲ್ಲಿ ಇಳಿದು ಬಂದು, ಯಾಕೆ ಹೋಯಿತೆಂದು ನೋಡುವುದು.

"ಅಂದ್ರ ನನ್ನ ಮ್ಯಾಲ ನಂಬಿಗಿ ಇಲ್ಲ."

"ನಿನ್ನ ಮ್ಯಾಲ ಐತಿ. ನಿನ್ನ ಬೆರಳಿನ ಮ್ಯಾಲ ಇಲ್ಲ."

ನಕ್ಕಳು. ಒಪ್ಪಿದಳು. ಗೆದ್ದ ಖುಷಿಯಲ್ಲಿ ಮನೆಗೆ ಬಂದರೆ ಹೆಂಡತಿ ಜಯಾ ಬಾಗಿಲಲ್ಲೇ ಹಿಡಿದಳು. "ವಿಮಾನದ ಮ್ಯಾಲಿರೋ ಕಾಳಜಿ ನಮ್ಮ ಮನಿ ಬೋರ್ಡಿನ ಮ್ಯಾಲ ಇಲ್ರಿ ನಿಮಗ. ಗೀಸರ್ ಹಚ್ಚಿದ್ರ ಸುಟ್ಟ ವಾಸನಿ ಬರಾಕತ್ತೈತಿ."

ನೋಡ್ತೇನಿ ಎಂದೆ.

ಫೆಬ್ರವರಿ 9, ಭಾನುವಾರ

ಮೊದಲ ಸಲ ಎಂಜಿನ್ ಚಾಲೂ. ಗೋದಾಮಿನ ಹೊರಗೆ, ಚಕ್ರಕ್ಕೆ ಕಲ್ಲು ಕೊಟ್ಟು. ಅಕ್ಕನ ಮುಖ ನೋಡಬೇಕಿತ್ತು.

ಹತ್ತು ನಿಮಿಷಕ್ಕೆ ಒಂದು ಪಂಪಿನ ಫ್ಯೂಸ್ ಹೋಯಿತು, ಐದರದ್ದು. ಉಳಿದಿದ್ದ ಒಂದನ್ನು ಹಾಕಿದೆ. ಅದೂ ಹೋಯಿತು. ಬೇರೆ ಇಲ್ಲ. ಅರ್ಧ ಊರು ನೋಡಲು ಬಂದು ನಿಂತಿತ್ತು. ಅಕ್ಕ ಮುಂದಿನ ಸೀಟಿನಿಂದ "ಆತೇನೋ?" ಎಂದು ಎರಡು ಸಲ ಕೂಗಿದಳು. ಸುಟ್ಟ ಫ್ಯೂಸಿನ ಎರಡೂ ಕಾಲಿಗೆ ಒಂದು ಎಳೆ ತಂತಿ ಸುತ್ತಿ ಕೂಡಿಸಿದೆ. ಈ ಹೊತ್ತಿಗೆ ಮಾತ್ರ. ಆಮೇಲೆ ಚೆನ್ನಾಗಿ ನಡೆಯಿತು. ಚಪ್ಪಾಳೆ.

ಶಿಗ್ಗಾಂವದಿಂದ ಐದರದ್ದು ತರಬೇಕು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 7

ತಿಂಗಳಿಂದ ಬರೆದಿಲ್ಲ. ಬೇಸಿಗೆ ಶುರು, ಮೋಟಾರ್ ಮೇಲೆ ಮೋಟಾರ್. ಇವತ್ತು ಅಕ್ಕ ಹೊಲದ ರನ್‌ವೇ ಮೇಲೆ ವಿಮಾನ ಓಡಿಸುತ್ತಾಳೆ. ನೆಲದ ಮೇಲೆ ಮಾತ್ರ, ಹಾರಲು ಅನುಮತಿ ಬಂದಿಲ್ಲ. ಏಳೂವರೆಗೆ ಶುರು. ನಾನು ಒಂಬತ್ತಕ್ಕೆ ಬರುತ್ತೇನೆ ಎಂದಿದ್ದೇನೆ. ಎಂಜಿನ್ ಮೊದಲು ಚಾಲೂ ಆದದ್ದು ಯಾವ ತಾರೀಖು ಎಂದು ನೋಡಲು ಹಿಂದಿನ ಪುಟ ತಿರುವಿದೆ.

ಆ ತಂತಿ.

ತೆಗೆದೇ ಇಲ್ಲ.

ಅಕ್ಕ ಫೋನ್ ಎತ್ತುತ್ತಿಲ್ಲ.

ಅದೇ ದಿನ. ಸಂಜೆ

ಬೈಕ್ ಹೇಗೆ ಓಡಿಸಿದೆನೋ ತಿಳಿಯದು. ದಾರಿಯುದ್ದಕ್ಕೂ ಹಂಸಭಾವಿ ಕಡೆಯ ಆಕಾಶದಲ್ಲಿ ಹೊಗೆ ಹುಡುಕುತ್ತಿದ್ದೆ.

ವಿಮಾನ ಗೋದಾಮಿನೊಳಗೇ ಇತ್ತು. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಎಂಜಿನ್ ಮುಟ್ಟುವ ಮೊದಲು ಚೆಕ್‌ಲಿಸ್ಟ್ ಹಿಡಿದು ಎಲ್ಲವನ್ನೂ ಬಿಚ್ಚಿ ನೋಡುವುದು ಅವಳ ಪದ್ಧತಿ. ಇವತ್ತು ಫ್ಯೂಸುಗಳನ್ನೂ ಒಂದೊಂದಾಗಿ ಕಿತ್ತು ನೋಡಿದ್ದಾಳೆ. ಅಂಗೈ ತೆರೆದು ಆ ಸುಟ್ಟ ಫ್ಯೂಸ್ ತೋರಿಸಿದಳು. ಮೂರು ಸುತ್ತು, ಒಂದು ತಿರುವು. ನನ್ನದೇ ಕೈ.

ಟ್ಯಾಂಕಿನ ಕೆಳಗೆ ಟಾರ್ಚ್ ಹಿಡಿದಳು. ತಗಡಿನ ತೂತಿಗೆ ರಬ್ಬರ್ ಹಾಕಲು ಮರೆತಿದ್ದೆ. ತಂತಿ ಅಂಚಿಗೆ ತಿಕ್ಕಿ ಸಿಪ್ಪೆ ಹರಿದು ತಾಮ್ರ ಕಾಣುತ್ತಿತ್ತು. ಆಚೀಚೆ ಒಂದು ಗೇಣು ಕಂದಿ ಹೋಗಿತ್ತು. ಎರಡು ಫ್ಯೂಸ್ ಹೋದದ್ದು ಇದಕ್ಕೇ. ನಾನು ನೋಡಲಿಲ್ಲ.

"ನಾ ಒತ್ತತೇನಿ ಅಂದಿದ್ದಿ," ಎಂದಳು.

"ತಪ್ಪಾತು, ಅಕ್ಕಾ."

"ಇನ್ನೂ ಎಲ್ಲೆಲ್ಲಿ ಹಾಕೀಯೋ, ರುದ್ರ್ಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೇಳಿದಳು, ಅಷ್ಟೇ. ನಾಚಿಕೆಯಾಯಿತು. ತಂತಿ ಬದಲಿಸಿ, ರಬ್ಬರ್ ಕೂಡಿಸಿ ಬಂದೆ. ಅಕ್ಕ ಫ್ಯೂಸ್ ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಕೊರಳ ಸರಕ್ಕೆ ಸಿಕ್ಕಿಸಿಕೊಂಡಳು.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 6.30

ಅಕ್ಕ ಕೇಳಿದ್ದಕ್ಕೆ ಉತ್ತರ. ನೆನಪಿದ್ದಷ್ಟು.

ಗುದ್ಲೆಪ್ಪನ ಬೋರ್‌ವೆಲ್. ಎರಡು ಎಳೆ.

ಹಾನಗಲ್ ರಸ್ತೆಯ ಅಕ್ಕಿ ಗಿರಣಿ. ನಾಳೆ ಬಂದು ಸರಿ ಮಾಡುತ್ತೇನೆ ಎಂದಿದ್ದೆ. ಅವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಎರಡು ವರ್ಷ.

ಹುಸೇನಸಾಬರ ಹಿಟ್ಟಿನ ಗಿರಣಿ. ಎಷ್ಟು ಎಳೆ, ನೆನಪಿಲ್ಲ.

ನಮ್ಮ ಮನೆ. ಮೇನ್ ಬೋರ್ಡ್. ಗೀಸರ್ ತಂದ ದಿನ ಫ್ಯೂಸ್ ನಿಲ್ಲಲಿಲ್ಲ, ನಾಲ್ಕು ಎಳೆ ಹಾಕಿದ್ದೆ. ಜಯಾ ವಾಸನೆ ಬರುತ್ತಿದೆ ಎಂದಿದ್ದಳು, ಜನವರಿಯಲ್ಲೇ. ಈಗ ಬಚ್ಚಲಿಗೆ ಹೋದಳು, ಗೀಸರ್ ಸ್ವಿಚ್ಚು ಒತ್ತಿದ ಸದ್ದು —