ಬುಧವಾರದ ಕಟ್ಟೆ

ಮಧುಗಿರಿ
ಬುಧವಾರ, ೧೨ ಫೆಬ್ರವರಿ ೨೦೨೫

ಪ್ರೀತಿಯ ಕೊಲ್ಲಾಪುರಮ್ಮನಿಗೆ,

ನಿನ್ನ ಸರೋಜಕ್ಕನ ನಮಸ್ಕಾರ. ನಾನು ಇದ್ದ ಹಾಗೇ ಇದ್ದೇನೆ, ಸಕ್ಕರೆ ಕಾಯಿಲೆ ಒಂದು ಹೊಸದಾಗಿ ಸೇರಿಕೊಂಡಿದೆ. ನಿಮ್ಮ ಯಜಮಾನರು ಮಾರಣ್ಣನವರ ಮಂಡಿನೋವು ಹೇಗಿದೆ? ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಬೈದುಬಿಡು, ಆದರೆ ಪೂರ್ತಿ ಕೇಳಿಸಿಕೊಂಡ ಮೇಲೆ ಬೈಯಿ. ಎರಡು ಸಲ ಫೋನ್ ಮಾಡಿದ್ದೆ. ಎರಡು ಸಲವೂ ನಿನ್ನ ಮಗಳು, "ಅವ್ವ ಕುರಿ ತಾವ ಹೋಗೈತೆ" ಎಂದಳು. ಮೂರನೆಯ ಸಲ ಮಾಡಲು ಧೈರ್ಯ ಬರಲಿಲ್ಲ. ಮೂವತ್ತು ವರ್ಷ ಎ.ಸಿ. ಸಾಹೇಬರ ಕಚೇರಿಯಲ್ಲಿ ಕಂಡವರ ಕಾಗದವನ್ನೆಲ್ಲ ಟೈಪ್ ಮಾಡಿದವಳಿಗೆ ಸ್ವಂತ ಕಾಗದ ಶುರು ಮಾಡಲು ಒಂದು ವಾರ ಹಿಡಿಯಿತು.

ಮಂಗಳಗೌರಿ, ನಿಮ್ಮವ್ವನಿಗೆ ನಿಧಾನವಾಗಿ ಓದಮ್ಮ. ನೀನು ಓದುವುದು ಎಕ್ಸ್‌ಪ್ರೆಸ್ ಬಸ್ಸು, ಯಾವ ಊರಲ್ಲೂ ನಿಲ್ಲುವುದಿಲ್ಲ ಎಂದು ಅವಳೇ ನನ್ನ ಹತ್ತಿರ ದೂರು ಹೇಳಿದ್ದಾಳೆ.

ನಮ್ಮ ಕಟ್ಟೆ ಇದ್ದ ಜಾಗ ನೋಡಿದರೆ ಈಗ ನಿನಗೆ ಗುರುತೇ ಸಿಗುವುದಿಲ್ಲ ಕಣೆ. ಕಚೇರಿ ಮುಂದಿನ ರಸ್ತೆ ಅಗಲ ಮಾಡುವಾಗ ಬೇವಿನ ಮರದ ಬುಡದ ಕಲ್ಲುಗಳನ್ನೆಲ್ಲ ಕಿತ್ತರು. ಅಲ್ಲಿ ಸ್ಟೀಲಿನ ಕುರ್ಚಿ ನೆಟ್ಟಿದ್ದಾರೆ, ನಡುನಡುವೆ ಒಂದೊಂದು ಸರಳು. ಮಧ್ಯಾಹ್ನ ಕೂತರೆ ದೋಸೆ ಕಾವಲಿಯ ಮೇಲೆ ಕೂತ ಹಾಗೆ. ಹಳೆಯ ಕಟ್ಟೆಗೆ ಎರಡು ಹಂತವಿತ್ತಲ್ಲ, ಮೇಲಿನದು ಎದೆಮಟ್ಟ, ಕೆಳಗಿನದು ಮಂಡಿಮಟ್ಟ. ನೀನು ಬಸ್ಸಿಳಿದು ಬಂದು, ಯಾರನ್ನೂ ಕರೆಯದೆ, ಕತ್ತು ಒಂಚೂರು ಬಾಗಿಸಿ ತಲೆಯ ಬುಟ್ಟಿಯನ್ನು ಮೇಲಿನ ಕಲ್ಲಿಗೆ ಜಾರಿಸಿ, ಕೆಳಗಿನದರ ಮೇಲೆ ಕೂತು "ಉಸ್ಸಪ್ಪಾ" ಅನ್ನುತ್ತಿದ್ದೆ. ಯಾವ ಪುಣ್ಯಾತ್ಮ ಅಳತೆ ನೋಡಿ ಕಟ್ಟಿದ್ದನೋ! ಆ ಕುರ್ಚಿಗಳ ಹತ್ತಿರ ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಕು. ಕೂತವರೆಲ್ಲ ರಸ್ತೆಗೆ ಮುಖ ಮಾಡಿಕೊಂಡು ಮೊಬೈಲ್ ಒತ್ತುತ್ತಾರೆ. ಪಕ್ಕದವರ ಊರು ಯಾವುದು ಎಂದು ಕೇಳಬೇಕಾದರೂ ಸರಳಿನ ಮೇಲೆ ಬಗ್ಗಬೇಕು. ಕಟ್ಟೆ ಹೋಯಿತು, ಕೊಲ್ಲಾಪುರಮ್ಮ ಬರುವುದೂ ನಿಂತಿತು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಆ ಕಟ್ಟೆ ಇರದಿದ್ದರೆ ನೀನು ನನಗೆಲ್ಲಿ ಸಿಗುತ್ತಿದ್ದೆ ಹೇಳು. ನೀನು ತಿರುಮಣಿಯ ಹಟ್ಟಿಯಿಂದ ಪಹಣಿಯಲ್ಲಿ ಹೆಸರು ತಿದ್ದಿಸಲು ಅಲೆಯುತ್ತಿದ್ದವಳು, ನಾನು ಡಬ್ಬಿ ಬಿಚ್ಚಲು ಫೈಲಿನ ಧೂಳಿಲ್ಲದ ಜಾಗ ಹುಡುಕುತ್ತಿದ್ದವಳು. ಮೊದಲ ದಿನ ನನ್ನ ಚಪಾತಿ ನೋಡಿ, "ಇದೇನಕ್ಕಯ್ಯ, ಇಂಗೆ ಒಣಗೋಗೈತೆ, ನಿಮ್ಮನೇಲಿ ಬೆಣ್ಣೆ ಇಲ್ವಾ?" ಎಂದು ಕೇಳಿದವಳು ನೀನು. ಎಷ್ಟು ಸೊಕ್ಕು ಇವಳಿಗೆ ಅಂದುಕೊಂಡೆ. ಮುಂದಿನ ಬುಧವಾರ ನೀನೇ ಎಲೆಯಲ್ಲಿ ಸುತ್ತಿದ ಬೆಣ್ಣೆ ತಂದೆ. ನಿನ್ನ ಮೈದುನ ತಕರಾರು ಹಾಕಿ ಕೇಸು ಮುಂದಕ್ಕೆ ಹೋದಾಗಲೆಲ್ಲ ನೀನು ಅವನಿಗೆ ಶಾಪ ಹಾಕುತ್ತಿದ್ದೆ. ನಾನು ಬಾಯಲ್ಲಿ ಅಯ್ಯೋ ಪಾಪ ಅನ್ನುತ್ತಿದ್ದೆ, ಒಳಗೊಳಗೇ ಖುಷಿಪಡುತ್ತಿದ್ದೆ. ಕೇಸು ಮುಗಿದು, ಜಮೀನು ಸೋಲಾರ್‌ನವರಿಗೆ ಹೋದ ಮೇಲೂ ನೀನು ಬೆಣ್ಣೆಯ ನೆಪದಲ್ಲಿ ಬರುತ್ತಲೇ ಇದ್ದೆ. ಪಾವಗಡದಲ್ಲಿ ಬೆಣ್ಣೆ ಕೊಳ್ಳುವವರಿಲ್ಲವೇ ಎಂದು ಕಂಡಕ್ಟರ್ ಕೇಳಿದರೆ, "ಆ ಊರ್ನಾಗೆ ಕುಂತ್ಕಳಾಕೆ ನಮ್ ಕಟ್ಟೆ ಇಲ್ಲ ಕಣಪ್ಪ" ಅಂದಿದ್ದೆಯಂತೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಈಗ ಸುದ್ದಿಗೆ ಬರುತ್ತೇನೆ. ಕಚೇರಿಯ ಕಾಂಪೌಂಡ್ ಗೋಡೆಗೆ ಚಿತ್ರ ಬರೆಯಲು ಸಿರಾದಿಂದ ಲೋಹಿತಾ ಎಂಬ ಹುಡುಗಿ ಬಂದಿದ್ದಾಳೆ. ಕಲಾ ಶಾಲೆಯಲ್ಲಿ ಓದಿದವಳು. ಪ್ಯಾಂಟು ತುಂಬ ಬಣ್ಣ, ಬಾಯಿ ತುಂಬ ಪ್ರಶ್ನೆ. ಹೋಗುವವರನ್ನೆಲ್ಲ ನಿಲ್ಲಿಸಿ, ಏನು ಬರೆಯಲಿ ಎಂದು ಕೇಳುತ್ತಿದ್ದಳು. ಮುಕ್ಕಾಲು ಜನ ಬೆಟ್ಟ ಬರಿ ಎಂದರು. ನಾನು ಹೇಳಿದೆ, "ತಲೆ ಎತ್ತಿದರೆ ಬೆಟ್ಟವೇ ಕಾಣುತ್ತೆ, ಗೋಡೆ ಮೇಲೆ ಇನ್ನೊಂದು ಯಾಕಮ್ಮ? ಮೊದಲು ಕೂರಲು ಒಂದು ಕಲ್ಲು ಹಾಕಿಸು, ಆಮೇಲೆ ಬಣ್ಣ ಬಳಿ." ಬೈಸಿಕೊಂಡೆ ಎಂದು ಅವಳು ಮುಖ ಊದಿಸಿಕೊಳ್ಳಲಿಲ್ಲ. ಟೇಪು ತೆಗೆದು ನನ್ನ ಮಂಡಿಯಿಂದ ನೆಲಕ್ಕೆ ಎಷ್ಟು, ಎದೆಯಿಂದ ನೆಲಕ್ಕೆ ಎಷ್ಟು ಎಂದು ಅಳೆದಳು. ಬಸ್ಸಿಳಿದು ಬರುವ ಹೆಂಗಸರನ್ನೂ ಅಳೆದಳು. ಗೋಡೆಯ ಉದ್ದಕ್ಕೂ ಎರಡು ಹಂತದ ಕಟ್ಟೆ, ಅದರ ಹಿಂದೆ ಆಳೆತ್ತರದ ಚಿತ್ರ, ಒಂಟಿಯಾಗಿ ಕೂತವರಿಗೂ ಪಕ್ಕದಲ್ಲಿ ಯಾರೋ ಇರುವ ಹಾಗೆ. ಹಾಗಂತ ನಕ್ಷೆ ಮಾಡಿದಳು.

ನಮ್ಮ ವಾರ್ಡಿನ ಮುಖಂಡ ಗಂಗಾಧರಯ್ಯ ಬಂದು ಅಡ್ಡ ನಿಂತರು. "ಕಲ್ಲು ಹಾಕುದ್ರೆ ಜನ ಮನೀಕೊಂಡ್‌ಬುಡ್ತಾರೆ ಕಣಮ್ಮ. ಅದಕ್ಕೇ ಅಲ್ವಾ ಸರಳು ಹಾಕ್ಸಿರೋದು?" ನನಗೆ ಎಲ್ಲಿತ್ತೋ ಸಿಟ್ಟು. "ಮಲಗಲಿ ಬಿಡ್ರೀ. ದಣಿದವರು ಅರ್ಧ ಗಂಟೆ ಮಲಗಿದರೆ ನಿಮ್ಮ ಊರೇನು ಸವೆದುಹೋಗುತ್ತಾ? ನೀವು ಮಧ್ಯಾಹ್ನ ಎಲ್ಲಿ ಮಲಗುತ್ತೀರಿ?" ಎಂದೆ. ಸುತ್ತ ನಿಂತವರು ನಕ್ಕರು, ಅವರೂ ನಕ್ಕುಬಿಟ್ಟರು. ಕಚೇರಿಯ ಹಿತ್ತಲಲ್ಲಿ ಬಿದ್ದಿದ್ದ ನಮ್ಮ ಹಳೆಯ ಕಲ್ಲುಗಳನ್ನೇ ತಂದು ಕೂರಿಸಿದ್ದಾರೆ. ಕೆಳಗಿನ ಹಂತದಲ್ಲಿ ನಿನ್ನೆ ಒಬ್ಬ ಬಾಣಂತಿ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತ ಮುದುಕಿ ಅದರ ಹೆಸರೇನೆಂದು ಕೇಳುತ್ತಿದ್ದಳು. ನಾನು ಆಚೆ ಬದಿ ನಿಂತು ನೋಡಿದೆ. ನೀನು ಇರಬೇಕಿತ್ತು ಅನ್ನಿಸಿತು.

ಗೋಡೆಯ ಮೇಲೆ ನಾವಿಬ್ಬರೂ ಇದ್ದೇವೆ ಕಣೆ! ನಾನು ದಿನಾ ನಿನ್ನ ವಿಷಯವೇ ಹೇಳುತ್ತಿದ್ದೆನಲ್ಲ, ಲೋಹಿತಾ ನನ್ನ ಪಕ್ಕ ನಿನ್ನನ್ನೂ ಬರೆದಳು. ಆದರೆ ನೀನು ಯಾವ ಜನ ಎಂದು ನಾನು ಹೇಳಿರಲಿಲ್ಲ, ಅವಳು ಕೇಳಲೂ ಇಲ್ಲ. ನನ್ನ ಹಾಗೆಯೇ ನಿನ್ನ ಹಣೆಗೂ ಮೂರು ಎಳೆ ವಿಭೂತಿ ಬಳಿದುಬಿಟ್ಟಿದ್ದಳು. ನೋಡಿದವರು, "ಅಕ್ಕ ತಂಗಿ ಇದ್ದಂಗವ್ರೆ" ಎನ್ನುತ್ತಿದ್ದರು. ಎರಡು ದಿನ ನಾನೂ ಸುಮ್ಮನಿದ್ದೆ, ಕೇಳಲು ಹಿತವಾಗಿತ್ತು. ಮೂರನೆಯ ದಿನ ತಡೆಯಲಾರದೆ, ಕೊಲ್ಲಾಪುರಮ್ಮನ ಹಣೆಯಲ್ಲಿ ಇರುವುದು ಅಗಲ ಕುಂಕುಮ, ಅವಳು ಗೊಲ್ಲರ ಹಟ್ಟಿಯವಳು ಎಂದು ಹೇಳಿದೆ. ಲೋಹಿತಾ ಮುಖವನ್ನೇ ಅಳಿಸಿದಳು. "ಆಂಟಿ, ಅಂದಾಜಿನ ಮೇಲೆ ಬೇಡ. ಅವರ ಫೋಟೋ ಕೊಡಿ. ಹನ್ನೊಂದು ವರ್ಷದ ಸ್ನೇಹ ಅಂತೀರಿ, ನಿಮ್ಮ ಮನೆಗೆ ಬಂದಾಗ ತೆಗೆದದ್ದು ಒಂದಾದರೂ ಇರುತ್ತಲ್ಲ?" ಎಂದಳು.

ಇಲ್ಲ ಎಂದೆ. ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಮನೆಗೆ ಬಂದೆ.

ಈಗ ಗೋಡೆಯ ಮೇಲೆ ನಿನ್ನ ಸೀರೆ ಇದೆ, ಕೈ ಇದೆ, ಬುಟ್ಟಿ ಇದೆ, ಮುಖವಿಲ್ಲ. ಲೋಹಿತಾ ಈ ತಿಂಗಳು ಇಪ್ಪತ್ತೆರಡಕ್ಕೆ ಹೊರಡುತ್ತಾಳೆ. ನೀನು ಒಂದು ಗಂಟೆ ಕೂತರೆ ಸಾಕಂತೆ. ಒಂದು ಸಲ ಬಂದು ಹೋಗು. ಚಿತ್ರವೇನೋ ಚೆನ್ನಾಗಿರುತ್ತದೆ, ಆದರೆ ನನಗೆ ಬೇಕಾಗಿರುವುದು ನೀನು. ಬುಧವಾರ ಬಂದರೆ ಹನ್ನೊಂದು ಗಂಟೆಯ ಹೊತ್ತಿಗೆ ಈಗಲೂ ಕಿವಿ ಪಾವಗಡದ ಬಸ್ಸಿನ ಕಡೆಗೇ ಇರುತ್ತದೆ.

ಮಾರಣ್ಣನವರಿಗೆ ನಮಸ್ಕಾರ. ಮಂಗಳಗೌರಿಗೆ ಈ ಸಲದ ಪರೀಕ್ಷೆ ಸಲೀಸಾಗಲಿ, ಅವಳು ಕೂತ ಕಡೆಯೆಲ್ಲ ನೆರಳಿರಲಿ. ನಿನ್ನ ಕುರಿ ಮರಿಗಳೆಲ್ಲ ಸುಖವಾಗಿರಲಿ.

ನಿನ್ನ,
ಸರೋಜಕ್ಕ

ಇನ್ನೊಂದು ಮಾತು. ಮಂಗಳಗೌರಿ, ಇದನ್ನೂ ಓದು. ನಿಮ್ಮವ್ವ ಸಾಕು ಎಂದರೂ ನಿಲ್ಲಿಸಬೇಡ.

ಕಟ್ಟೆ ಒಡೆದಿದ್ದಕ್ಕೆ ನೀನು ಬರುವುದು ನಿಂತಿತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಕಟ್ಟೆ ಒಡೆದದ್ದು ನೀನು ನಿಲ್ಲಿಸಿದ ಒಂದು ತಿಂಗಳ ಮೇಲೆ. ನೀನು ಕೊನೆಯ ಸಲ ಬಂದ ಆ ಬುಧವಾರ ಕಚೇರಿಗೆ ರಜೆ ಬಿದ್ದಿತ್ತು. ನಿನಗೆ ಗೊತ್ತಿರಲಿಲ್ಲ. ಯಾರನ್ನೋ ಕೇಳಿಕೊಂಡು ನಮ್ಮ ಮನೆ ಹುಡುಕಿ ಬಂದೆ, ಹಸು ಕರು ಹಾಕಿದೆ ಎಂದು ಗಿಣ್ಣಿನ ಹಾಲು ತಂದಿದ್ದೆ. ನಾನು ಹೊಸ್ತಿಲ ಆಚೆ ಬಂದು, ಬಾಗಿಲು ಹಿಂದಕ್ಕೆ ಎಳೆದುಕೊಂಡು, "ಕಟ್ಟೆ ಹತ್ತಿರ ಕೂತಿರು, ಬರುತ್ತೇನೆ" ಎಂದೆ. ನೀನು ಮುಚ್ಚಿದ ಬಾಗಿಲು ನೋಡಿದೆ, ನನ್ನನ್ನು ನೋಡಿದೆ. "ಸರಿ ಬುಡಕ್ಕಯ್ಯ" ಎಂದು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೋದೆ. ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು.

ನಮ್ಮತ್ತೆ ಮಡಿ ಹೆಂಗಸು, ಅವರಿಗೆ ಹೆದರಿ ಹಾಗೆ ಮಾಡಿದಳು ಎಂದು ನೀನು ಅಂದುಕೊಂಡಿರಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡೆ. ಅತ್ತೆ ಅವತ್ತು ಕೊರಟಗೆರೆಯಲ್ಲಿ ಮಗಳ ಮನೆಯಲ್ಲಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ, ಕೊಲ್ಲಾಪುರಮ್ಮ. ನಾನೊಬ್ಬಳೇ ಇದ್ದೆ.

ನಿನ್ನನ್ನು ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಬರುವ ಬುಧವಾರ ನಾನೇ ಬೆಳಗಿನ ಬಸ್ಸಿಗೆ ತಿರುಮಣಿಗೆ ಬರುತ್ತೇನೆ. ನಿಮ್ಮ ಹಟ್ಟಿಯೊಳಗೆ ಚಪ್ಪಲಿ ಹಾಕಿಕೊಂಡು ಬರಬಾರದು ಎಂದು ನೀನೇ ಹೇಳಿದ್ದೆ. ಚಪ್ಪಲಿ ಆಚೆ ಬಿಟ್ಟು ನಿನ್ನ ಬಾಗಿಲ ಮುಂದೆ ನಿಂತಿರುತ್ತೇನೆ. ಒಳಗೆ ಕರೆಯದಿದ್ದರೂ ನಿಂತಿರುತ್ತೇನೆ.