ಒಳಗೆ ಬಟ್ಟೆ ಬಿಡದ ಜಂಪರ್

ದಾವಣಗೆರೆ
ಫೆಬ್ರವರಿ ೩೦, ೨೧೭೪

ಸರ್ವಮಂಗಳಜ್ಜಿಗೆ, ನಿನ್ನ ಮೊಮ್ಮಕ್ಕಳ ಸಾಲಿನ ತೀರಾ ಕೊನೆಯಲ್ಲಿ ನಿಂತಿರುವ ನೇಸರಳ ನಮಸ್ಕಾರ.

ತಾರೀಖು ನೋಡಿ ಮುಖ ಗಂಟಿಕ್ಕಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದೇ ಎಷ್ಟು ಕಾಲ ಕುಳ್ಳಗಿರಬೇಕು. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಪದ ಒಂದೆರಡು ಬಂದರೆ ಕ್ಷಮಿಸು, ಬಿಡಿಸಿ ಹೇಳುತ್ತೇನೆ.

ನಿನ್ನ ಅಳತೆ ಪುಸ್ತಕ ನನ್ನ ಹತ್ತಿರ ಇದೆ. ಅರ್ಧ ಊರಿನ ಹೆಂಗಸರ ಎದೆ, ಸೊಂಟ, ತೋಳು ಅದರಲ್ಲಿವೆ. ಪ್ರತಿ ಹೆಸರಿನ ಮುಂದೆ "ಒಳಗೆ ಎರಡು ಬೆರಳು" ಎಂದು ಬರೆದಿದ್ದೀಯ. ಮುಂದೆ ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಲೆಂದು ಹೊಲಿಗೆಯೊಳಗೆ ಬಿಡುವ ಬಟ್ಟೆ ಅದು. ಕೊನೆಯ ಪುಟದಲ್ಲಿ ನಿನ್ನದೇ ಅಳತೆ, ಒಂದು ಮರೂನ್ ರವಿಕೆಗೆ, ನಿನ್ನ ಮಾತಿನಲ್ಲಿ ಜಂಪರಿಗೆ. ಎದೆಯ ಗಂಟು ತೆಗೆಸಿಕೊಂಡು ಮನೆಗೆ ಬಂದ ಇಪ್ಪತ್ತನೆಯ ದಿನ ಬರೆದದ್ದು. ಎಡಗಡೆ ಒಂದೂಕಾಲು ಇಂಚು ಕಡಿಮೆ. ಅದರ ಕೆಳಗೆ ಹೀಗಿದೆ: "ನಂದಕ್ಕೆ ಒಳಗೆ ಬಟ್ಟೆ ಬಿಡದು ಬ್ಯಾಡ. ಇನ್ನೆಷ್ಟು ದಿನ ಹಾಕ್ಕಂತೀನಿ."

ಅದನ್ನು ಓದಿ ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಇನ್ನೂ ಕೆಳಗೆ ಡಾಕ್ಟರ್ ಹೇಳಿದ್ದನ್ನು ಗೀಚಿದ್ದೀಯ. "ಐದು ವರ್ಷ ದಿನಕ್ಕೊಂದು ಮಾತ್ರೆ. ಮತ್ತೆ ಬರದು ಕಮ್ಮಿ ಆಗುತ್ತಂತೆ, ಬರದೇ ಇಲ್ಲ ಅಂತಲ್ಲ. ಮೈ ಬಿಸಿ ಏರುತ್ತಂತೆ, ಕೀಲು ನೋಯ್ತವಂತೆ. ಮಿಷನ್ ತುಳಿಯೋಳು ನಾನು. ತಗಳ್ಳದೋ ಬ್ಯಾಡ್ವೋ?" ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ನೀನು ಏನು ತೀರ್ಮಾನಿಸಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನಗೆ ಅದು ಗೊತ್ತಾಗಬೇಕಿತ್ತು ಅಜ್ಜಿ. ಹೋದ ತಿಂಗಳು ನನ್ನ ಎದೆಯಿಂದಲೂ ಹುಣಸೆಬೀಜದಷ್ಟು ಗಂಟು ತೆಗೆದರು. ಈಗ ತಡೆಗಾಳು ಇಡಿಸಿಕೊಳ್ಳುವೆಯಾ ಎಂದು ಕೇಳುತ್ತಿದ್ದಾರೆ. ತಡೆಗಾಳು ಎಂದರೆ ತೋಳಿನ ಚರ್ಮದಡಿ ಇಡುವ ರಾಗಿಕಾಳಿನಷ್ಟು ಔಷಧಿ. ನಿನ್ನ ಮಾತ್ರೆಯ ಮರಿಮಗಳು ಅನ್ನು. ನಮ್ಮಲ್ಲಿ ಬಸ್ಸುಗಳಿಗೆ ಸದ್ದಿಲ್ಲ, ಬಟ್ಟೆ ತಾನೇ ಒಣಗುತ್ತದೆ, ಬೆಣ್ಣೆದೋಸೆ ಮಾತ್ರ ಹಾಗೇ ಇದೆ. ಮೈ ಬಿಸಿಯೇರುವುದೂ ಹಾಗೇ ಇದೆಯಂತೆ. ಆಸ್ಪತ್ರೆಯಲ್ಲಿ ಜೊತೆಕಟ್ಟೆ ಎಂದೊಂದಿದೆ, ದುಂಡನೆಯ ಕಲ್ಲುಬೆಂಚು. ಇಂಥ ತೀರ್ಮಾನಕ್ಕೆ ಒಬ್ಬರೇ ಹೋದರೆ ಅಲ್ಲಿ ಕೂರಿಸುವುದಿಲ್ಲ. ನಾನು ನಿನ್ನ ಹಾಗೆಯೇ ಬಿಗುಮಾನದವಳು, ಒಬ್ಬಳೇ ಹೋದೆ. ವಾಪಸ್ ಕಳಿಸಿದರು.

ಮನೆಗೆ ಬಂದು ಟ್ರಂಕು ತೆಗೆದು ನಿನ್ನ ಆ ಮರೂನ್ ಜಂಪರ್ ಹುಡುಕಿದೆ. ಹೇಳಿದ ಹಾಗೆಯೇ ಒಳಗೆ ಒಂದು ನೂಲೂ ಬಿಟ್ಟಿಲ್ಲ. ಆದರೆ ಎರಡೂ ಪಕ್ಕೆಯಲ್ಲಿ ಹಸಿರು ಬಟ್ಟೆಯ ಪಟ್ಟಿ ಸೇರಿಸಿ ಅಗಲ ಮಾಡಿದ್ದಾರೆ. ಸೊಟ್ಟ ಹೊಲಿಗೆ, ನಿನ್ನದಲ್ಲ. ಸೂಜಿ ಹಿಡಿಯಲು ಬಾರದ ನಿನ್ನ ಮಗಳು ದಾಕ್ಷಾಯಿಣಿಯದು. ನೀನು ಪಕ್ಕದಲ್ಲಿ ಕೂತು ಅವಳಿಂದ ಹೊಲಿಸುತ್ತಾ ಅಂದ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದಿದೆ: "ಸೊಟ್ಟ ಆದ್ರೂ ಇರ್ಲಿ ಬಿಡೇ, ಬಿಚ್ಚಬ್ಯಾಡ." ಇದುವರೆಗೆ ಅದು ಯಾವ ಹೊಲಿಗೆಯ ಮಾತೆಂದು ನನಗೆ ತಿಳಿದಿರಲಿಲ್ಲ.

ಅಂದರೆ ನೀನು ಬದುಕಿದೆ, ದಪ್ಪವೂ ಆದೆ. ಮಾತ್ರೆಯಿಂದಲೋ, ಮಾತ್ರೆ ಇಲ್ಲದೆಯೋ, ಜಂಪರ್ ಹೇಳುವುದಿಲ್ಲ.

ಮರುದಿನ ಅಕ್ಕನನ್ನು ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತೆ. ನನ್ನ ಗಂಟಿಗೆ ಕಾಳಿನಿಂದ ಎಷ್ಟು ಲಾಭ, ಎಷ್ಟು ಕಾಟ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಕಾಟ ಹೆಚ್ಚಾದರೆ ಬೇರೆಯದು ನೋಡಬಹುದು, ಬೇಡವೆಂದರೆ ತೆಗೆಯಲೂಬಹುದು ಎಂದರು. ಮೊದಲು ಕಚ್ಚಾ ಹೊಲಿಗೆ, ಹಾಕಿ ನೋಡಿದ ಮೇಲೆ ಪಕ್ಕಾ. ನೀನೂ ಹಾಗೇ ಅಲ್ಲವೇ ಮಾಡುತ್ತಿದ್ದದ್ದು. ನಾಳೆ ಇಡಿಸಿಕೊಳ್ಳುತ್ತೇನೆ. ಭಯ ಹೋಗಿಲ್ಲ, ಅಕ್ಕನ ಕೈ ಹಿಡಿದುಕೊಂಡು ಹೋಗುತ್ತೇನೆ.

ಈ ಕಾಗದ ನೀನು ಆ ಕೊನೆಯ ಪುಟ ಬರೆದ ದಿನಕ್ಕೇ ಹೋಗಿ ಸೇರಲಿ ಎಂದುಕೊಂಡು ಬರೆಯುತ್ತಿದ್ದೇನೆ. ನೀನೂ ಹಾಗೇ ಮಾಡು ಎನ್ನಲಾರೆ. ನಿನ್ನ ಮೈ ನಿನ್ನದು, ಮಿಷನ್ ತುಳಿಯುವ ಕಾಲೂ ನಿನ್ನದು. ಆದರೆ ಆ ಪುಟವನ್ನು ದಾಕ್ಷಾಯಿಣಿಗೆ ತೋರಿಸು. ಅವಳನ್ನು ಕೂರಿಸಿಕೊಂಡೇ ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳು. ಮತ್ತೆ, ನಿನ್ನ ಚೂರು ಬಟ್ಟೆಯ ಬುಟ್ಟಿಯಲ್ಲಿರುವ ಹಸಿರು ತುಂಡನ್ನು ಎಸೆಯಬೇಡ ಅಜ್ಜಿ. ಬೇಕಾಗುತ್ತದೆ.

ನಿನ್ನ
ನೇಸರ