ಬಾಚಣಿಗೆಯ ಗೆರೆಗಳು

ನಾರ್ವೆ, ಜುಲೈ 2007

ಕಮಿಲ್ಲಸ್,

ನೀವು ಸಿಡ್ನಿಯಲ್ಲಿ ಮಣ್ಣಾಗಿ ನಾಲ್ಕು ವರ್ಷವಾಯಿತು. ಆದರೂ ಇದನ್ನು ನಿಮ್ಮನ್ನೇ ಕೇಳಬೇಕು.

ರಜೆಗೆಂದು ನಮ್ಮ ಮಗಳು ಜೋವಿಟಾ ನನ್ನನ್ನು ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ಇಷ್ಟು ದೂರ ಕರೆತಂದಿದ್ದಾಳೆ. ಬಾಡಿಗೆಯ ಹಾಯಿದೋಣಿಯಲ್ಲಿ ಊರೂರಿಗೆ ನಿಲ್ಲುತ್ತ ಹೋಗುತ್ತಿದ್ದೇವೆ. ಇವತ್ತು ನಿಂತದ್ದು ಬಿಳಿ ಮರದ ಮನೆಗಳ ಆ ಹಳೆಯ ಊರಿನಲ್ಲಿ. ನೀವು ಹಡಗಿನಲ್ಲಿ ಅಡುಗೆಯವರಾಗಿದ್ದಾಗ, ನೀರು ತುಂಬಿಸಲು ಒಂದು ಗಂಟೆ ನಿಂತಿದ್ದೆವು ಎಂದಿದ್ದಿರಲ್ಲ, ಅದೇ ಊರು.

ಬಂದರಿನ ಬೇಕರಿಯ ಗಾಜಿನ ಭರಣಿಯಲ್ಲಿ ಕಿಡ್ಯೊ ಇತ್ತು. ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದ, ನಮ್ಮ ಕ್ರಿಸ್ಮಸ್ಸಿನ ಸಿಹಿತಿಂಡಿ ಕಿಡ್ಯೊ.

ಜೋವಿಟಾ ಅಂಗಡಿಯ ಮುದುಕಿಯನ್ನು ವಿಚಾರಿಸಿದಳು. "ಹಡಗಿನ ಕುಕ್ ಒಬ್ರು ಕಲಿಸಿದ್ರಂತೆ ಮಮ್ಮಿ. ಅವರು ಕೊಟ್ಟ ಬಾಚಣಿಗೆ ಇನ್ನೂ ಇದೆಯಂತೆ, ತೋರಿಸ್ಲಾ ಅಂತಿದ್ದಾರೆ."

ಒಂದು ಗಂಟೆಯಲ್ಲಿ ಕಿಡ್ಯೊ ಕಲಿಸಲಾಗುತ್ತದೆಯೇ? ನಾದಿ, ಒತ್ತಿ, ಕರಿದು, ಪಾಕ ಹಿಡಿಸಲು ಮಂಗಳೂರಿನ ಮನೆಯಲ್ಲಿ ಐದು ಹೆಂಗಸರಿಗೆ ಇಡೀ ದಿನ ಬೇಕಾಗುತ್ತಿತ್ತು. ಎಂಬತ್ತನಾಲ್ಕರ ಕ್ರಿಸ್ಮಸ್ಸಿಗೆ ನೀವು ಬರಲಿಲ್ಲ. ಹಡಗು ನಡುಸಮುದ್ರದಲ್ಲಿದೆ ಎಂದು ಬರೆದಿದ್ದಿರಿ. ಆ ವರ್ಷವೇ, ನೀವು ರಜೆ ಮುಗಿಸಿ ಹಡಗಿಗೆ ಮರಳಿದ ಮೇಲೆ, ಕಿಡ್ಯೊಗೆಂದು ತೆಗೆದಿಟ್ಟಿದ್ದ ನನ್ನ ಹಸಿರು ಬಾಚಣಿಗೆ ಕಾಣೆಯಾಗಿತ್ತು. ತಂಗಿಯ ಮೇಲೆ ಗುಮಾನಿಪಟ್ಟು ಬೈದಿದ್ದೆ.

ಮುದುಕಿ ಒಳಗೆ ಹೋಗಲು ತಿರುಗಿದಳು.

"ಬೇಡ ಅನ್ನು," ಎಂದೆ ಜೋವಿಟಾಳಿಗೆ. "ಬೋಟಿಗೆ ಹೊತ್ತಾಯ್ತು."

ಬೋಟು ಹೊರಡುವುದು ನಾಳಿದ್ದು. ಇಲ್ಲಿ ಬೋಟಿನಲ್ಲಿ ಕೂತರೆ ಬೇಕರಿಯ ಬಾಗಿಲು ಕಾಣುತ್ತದೆ.

ಇನೇಜ್